ಬೇಕು, ಸಾಕು, ಬಾರದು: ನಮ್ಮ ಅಡುಗೆಮನೆಯಲ್ಲಿ ಇಟಾಲಿಯನ್

ಇಟಲಿಯ ತೊರಿನೊಗೆ ಬಂದು ಹನ್ನೊಂದು ವರ್ಷ ಆಯ್ತು. ನಮ್ಮೂರು ಸಾಗರದ ಹತ್ತಿರ. ಇಲ್ಲಿನ ಪಾಲಿಟೆಕ್ನಿಕ್‌ಗೆ ಓದಲು ಬರುವ ಕನ್ನಡದ ಮಕ್ಕಳು ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಊಟ ಆದ ಮೇಲೆ ಒಂದು ಗಂಟೆ ಇಟಾಲಿಯನ್ ಪಾಠ. ಎಲ್ಲರಿಗೂ ಮೊದಲು ಕಲಿಸುವುದು ‘ಬೇಕು’ ಎನ್ನುವುದನ್ನು. ಅದೊಂದು ಬಂದರೆ ಅಂಗಡಿ, ಆಸ್ಪತ್ರೆ, ಪೋಸ್ಟ್ ಆಫೀಸು ಎಲ್ಲ ಕಡೆ ಬದುಕಬಹುದು.

ಎಲ್ಲರೂ ಮಾಡುವ ತಪ್ಪು ಒಂದೇ. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಇಟಾಲಿಯನ್‌ಗೆ ಬರುತ್ತಾರೆ. ನಾನೂ ಹಾಗೇ ಬಂದವಳು. ಮೊದಲ ತಿಂಗಳು ಫೋಟೊ ಅಂಗಡಿಗೆ ಹೋಗಿ ‘ಇಯೊ ಸೆರ್ವೊ ಕ್ವಾತ್ತ್ರೊ ಫೊತೊ’ ಅಂದೆ. ನನಗೆ ನಾಲ್ಕು ಫೋಟೊ ಬೇಕು ಅಂತ ನನ್ನ ಲೆಕ್ಕ. ಆದರೆ ನಾನು ಹೇಳಿದ್ದು ‘ನಾನು ನಾಲ್ಕು ಫೋಟೊ ಬಡಿಸುತ್ತೇನೆ’ ಅಂತ! ಅಂಗಡಿಯ ಅಜ್ಜಿ ನಿಧಾನವಾಗಿ ತಿದ್ದಿದರು: ‘ಲೆ ಸೆರ್ವೊನೊ ಕ್ವಾತ್ತ್ರೊ ಫೊತೊ.’ ನಿಮಗೆ ನಾಲ್ಕು ಫೋಟೊ ಬೇಕು.

ಆ ‘ನಿಮಗೆ’ ಕೇಳಿದಾಗಲೇ ನನಗೆ ದಾರಿ ಕಂಡಿದ್ದು. ಇದು ನಮ್ಮ ಕನ್ನಡದ ಕಟ್ಟಡವೇ ಅಲ್ವಾ? ನಾವು ‘ನಾನು ಬೇಕು’ ಅನ್ನುವುದಿಲ್ಲ, ‘ನನಗೆ ಬೇಕು’ ಅನ್ನುತ್ತೇವೆ. ಅವರೂ ಹಾಗೇ. ಮಿ ಅಂದರೆ ನನಗೆ, ತಿ ಅಂದರೆ ನಿನಗೆ, ಲ್ಯಿ ಅಂದರೆ ಅವನಿಗೆ. ಲೆ ಅಂದರೆ ಅವಳಿಗೆ. ದೊಡ್ಡವರಿಗೆ, ಪರಿಚಯ ಇಲ್ಲದವರಿಗೆ ಮರ್ಯಾದೆಯಿಂದ ‘ನಿಮಗೆ’ ಅನ್ನುವಾಗಲೂ ಅದೇ ಲೆ. ಚಿ ಅಂದರೆ ನಮಗೆ, ವಿ ಅಂದರೆ ನಿಮಗೆಲ್ಲ. ಹೆಸರೋ ಸಂಬಂಧವೋ ಬಂದರೆ ಮುಂದೆ ‘ಆ’ ಸೇರಿಸಿ: ‘ಆ ಮಿಯ ಫಿಲ್ಯ ಸೆರ್ವೊನೊ ಲೆ ಸ್ಕಾರ್ಪೆ’, ನನ್ನ ಮಗಳಿಗೆ ಶೂ ಬೇಕು. ನಮ್ಮ ‘ಗೆ’ ಪದದ ಹಿಂದೆ ಅಂಟುತ್ತದೆ, ಅವರ ‘ಆ’ ಮುಂದೆ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಮ್ಮ ‘ಬೇಕು’ ಒಂದಕ್ಕೂ ಹತ್ತಕ್ಕೂ ಒಂದೇ. ಇಟಾಲಿಯನ್‌ನಲ್ಲಿ ವಸ್ತು ಒಂದಾದರೆ ಸೆರ್ವೆ, ಹೆಚ್ಚಾದರೆ ಸೆರ್ವೊನೊ. ‘ಮಿ ಸೆರ್ವೆ ಉನ್ ಲಿಮೊನೆ’, ಒಂದು ನಿಂಬೆಹಣ್ಣು. ‘ಮಿ ಸೆರ್ವೊನೊ ದುವೆ ಲಿಮೊನಿ’, ಎರಡು. ಮಕ್ಕಳು ಇಲ್ಲಿ ಎಡವಿದರೆ ‘ಸಿಕ್ಕು’ ನೆನಪಿಸುತ್ತೇನೆ. ನನಗೆ ಕೀಲಿ ಸಿಕ್ಕಿತು, ನನಗೆ ಕೀಲಿಗಳು ಸಿಕ್ಕವು. ಕ್ರಿಯಾಪದ ಕೀಲಿಯ ಮಾತು ಕೇಳುತ್ತದೆ, ನನ್ನ ಮಾತನ್ನಲ್ಲ. ಸೆರ್ವೆಯೂ ಹಾಗೇ. ಸೆರ್ವೊನೊದಲ್ಲಿ ಒತ್ತು ಮೊದಲ ‘ಸೆರ್’ ಮೇಲೆ. ನಡುವೆ ಎಳೆಯಬೇಡಿ.

ಈ ಪದದ ಒಳಗೆ ಉಪಯೋಗದ ಅರ್ಥವೂ ಇದೆ. ‘ಮಿ ಸೆರ್ವೆ ಲ ಕ್ಯಾವೆ’ ಎಂಬುದನ್ನು ಬಿಡಿಸಿದರೆ ‘ಕೀಲಿ ನನ್ನ ಕೆಲಸಕ್ಕೆ ಬರುತ್ತದೆ’ ಅಂತ. ಕೆಲಸಕ್ಕೆ ಬರುವುದೇ ಬೇಕಾದದ್ದು. ಹಾಗಾಗಿ ‘ಇದು ಏನಕ್ಕೆ?’ ಅಂತ ಕೇಳಲೂ ಇದೇ ಪದ: ‘ಆ ಕೋಜ಼ ಸೆರ್ವೆ?’ ಊರಿಂದ ತಂದ ಈಳಿಗೆಮಣೆ ನೋಡಿ ಪಕ್ಕದ ಮನೆಯವರು ಕೇಳಿದ್ದು ಇದನ್ನೇ. ‘ಸೆರ್ವೆ ಆ ಗ್ರತ್ತುಜಾರೆ ಇಲ್ ಕೊಕ್ಕೊ’ ಅಂದೆ, ತೆಂಗಿನಕಾಯಿ ತುರಿಯಲಿಕ್ಕೆ. ಕೂತು ತುರಿದೂ ತೋರಿಸಿದೆ. ‘ಆ’ ಬದಲು ‘ಪೆರ್’ ಅಂದರೂ ನಡೆಯುತ್ತದೆ. ಪ್ರಯೋಜನ ಇಲ್ಲ ಅನ್ನಲು ‘ನೊನ್ ಸೆರ್ವೆ ಆ ನ್ಯೆಂತೆ’, ಯಾವುದಕ್ಕೂ ಬರುವುದಿಲ್ಲ. ‘ಪ್ಯಾಂಜೆರೆ ನೊನ್ ಸೆರ್ವೆ ಆ ನ್ಯೆಂತೆ’, ಅತ್ತು ಪ್ರಯೋಜನ ಇಲ್ಲ.

ಹಾಗಾದರೆ ‘ಓ ಬಿಜ಼ೊನ್ಯೊ ದಿ’ ಏನಕ್ಕೆ? ಇಂಗ್ಲಿಷ್ ದಾರಿಯಲ್ಲಿ ಬಂದವರು ಎಲ್ಲದಕ್ಕೂ ಇದನ್ನೇ ಹಿಡಿದುಕೊಳ್ಳುತ್ತಾರೆ. ‘ನನಗೆ ಇದರ ಅಗತ್ಯ ಇದೆ’ ಎನ್ನುವ ತೂಕ ಇದಕ್ಕೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಎರಡು ನಿಂಬೆಹಣ್ಣಿಗೆ ಇದು ಸ್ವಲ್ಪ ಭಾರ. ಮನಸ್ಸಿಗೆ, ಮೈಗೆ ಬೇಕಾದಾಗ ಇದು ಸರಿಯಾಗಿ ಕೂರುತ್ತದೆ. ‘ಓ ಬಿಜ಼ೊನ್ಯೊ ದಿ ಆಯುತೊ’, ನನಗೆ ಸಹಾಯ ಬೇಕು. ‘ಓ ಬಿಜ಼ೊನ್ಯೊ ದಿ ದೊರ್ಮಿರೆ’, ನನಗೆ ನಿದ್ದೆ ಬೇಕು. ಇಲ್ಲಿ ಕ್ರಿಯಾಪದ ಮನುಷ್ಯನ ಜೊತೆ ಬದಲಾಗುತ್ತದೆ: ನನಗಾದರೆ ಓ, ನಿನಗಾದರೆ ಆಯ್, ಅವಳಿಗಾದರೆ ಆ. ವಸ್ತು ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ನಮ್ಮ ‘ಬೇಕು’ ಅಗತ್ಯಕ್ಕೂ ಆಸೆಗೂ ಒಂದೇ. ಇಟಾಲಿಯನ್‌ನಲ್ಲಿ ಆಸೆಗೆ ಬೇರೆ ಪದ ಇದೆ, ವೊಲ್ಯೊ. ಅಂಗಡಿಯಲ್ಲಿ ಅದನ್ನು ಹಾಗೇ ಹೇಳಿದರೆ ಒರಟಾಗಿ ಕೇಳಿಸುತ್ತದೆ. ‘ವೊರ್ರೆಯ್’ ಅನ್ನಿ, ‘ಬೇಕಾಗಿತ್ತು’ ಅಂದ ಹಾಗೆ. ಸೆರ್ವೆಯನ್ನೂ ಹೀಗೆ ಮೃದು ಮಾಡಬಹುದು: ‘ಮಿ ಸೆರ್ವಿರೆಬ್ಬೆ ಉನ ಮಾನೊ’, ಸ್ವಲ್ಪ ಕೈ ಜೋಡಿಸಿದ್ದರೆ ಆಗುತ್ತಿತ್ತು.

ಇನ್ನು ಬಿಜ಼ೊನ್ಯ. ಇದಕ್ಕೆ ನಾನು, ನೀನು ಇಲ್ಲ. ‘ಸರದಿಯಲ್ಲಿ ನಿಲ್ಲಬೇಕು’ ಅಂತ ಯಾರ ಹೆಸರೂ ಎತ್ತದೆ ಹೇಳುತ್ತೇವಲ್ಲ, ಹಾಗೆ. ‘ಬಿಜ಼ೊನ್ಯ ಪ್ರೆಂದೆರೆ ಇಲ್ ನೂಮೆರೊ’, ಟೋಕನ್ ತೆಗೆದುಕೊಳ್ಳಬೇಕು. ‘ಬಿಜ಼ೊನ್ಯ ತಿಂಬ್ರಾರೆ ಇಲ್ ಬಿಲ್ಯೆತ್ತೊ’, ಟಿಕೆಟಿಗೆ ಮಷಿನ್‌ನಲ್ಲಿ ಮುದ್ರೆ ಹಾಕಿಸಬೇಕು. ನಾನೇ ಹೋಗಬೇಕು ಅನ್ನಲು ಬಿಜ಼ೊನ್ಯ ಬೇಡ, ‘ದೇವೊ ಅಂದಾರೆ’ ಅನ್ನಿ.

ಈಗ ಹೇಳುವುದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬಿಜ಼ೊನ್ಯಗೆ ‘ನೊನ್’ ಸೇರಿದರೆ ‘ಬೇಕಾಗಿಲ್ಲ’ ಆಗುವುದಿಲ್ಲ, ‘ಬಾರದು’ ಆಗುತ್ತದೆ. ನನ್ನ ಗೆಳತಿಗೆ ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟು ‘ನೊನ್ ಬಿಜ಼ೊನ್ಯ ಪ್ರೆಂದೆರ್ಲೊ ಆ ಸ್ತೊಮಕೊ ವುವೋತೊ’ ಅಂದರು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು ಅಂತ ಅರ್ಥ. ಅವಳಿಗೆ ತಿಳಿದದ್ದು ‘ಖಾಲಿ ಹೊಟ್ಟೆಯೇ ಆಗಬೇಕಾಗಿಲ್ಲ, ಹೇಗಾದರೂ ಸರಿ’ ಅಂತ. ಎರಡು ದಿನ ಬೆಳಿಗ್ಗೆ ಎದ್ದ ಕೂಡಲೇ ನುಂಗಿ ಹೊಟ್ಟೆ ಉರಿಯಿಂದ ಒದ್ದಾಡಿದಳು. ‘ಬೇಕಾಗಿಲ್ಲ’ ಅನ್ನಲು ‘ನೊನ್ ಸೆರ್ವೆ’, ಇಲ್ಲವೇ ‘ನೊನ್ ಚೆ ಬಿಜ಼ೊನ್ಯೊ’. ‘ನೊನ್ ಸೆರ್ವೆ ತೊರ್ನಾರೆ’ ಅಂದರೆ ಮತ್ತೆ ಬರಬೇಕಾಗಿಲ್ಲ. ಕೊನೆಯ ಅಕ್ಷರ ‘ನ್ಯ’ನೋ ‘ನ್ಯೊ’ನೋ, ಕಿವಿ ಕೊಟ್ಟು ಕೇಳಿ.

ಹೊತ್ತಿಗೆ, ಅಡುಗೆಗೆ ‘ಚಿ ವುವೋಲೆ’. ಇಲ್ಲಿನ ಚಿ ‘ನಮಗೆ’ ಅಲ್ಲ; ಯಾರಿಗೇ ಆಗಲಿ ಇಷ್ಟು ಬೇಕು, ಇಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಇದು. ವೇಗದ ರೈಲಿನಲ್ಲಿ ಮಿಲಾನೊಗೆ ಸುಮಾರು ಒಂದು ಗಂಟೆ: ‘ಚಿ ವುವೋಲೆ ಉನೋರ’. ಎರಡು ಗಂಟೆಯಾದರೆ ‘ಚಿ ವೊಲ್ಯೊನೊ ದುವೆ ಓರೆ’. ನನಗೇ ಎಷ್ಟು ಹಿಡಿಯುತ್ತದೆ ಅನ್ನಲು ‘ಚಿ ಮೆತ್ತೊ’: ನಡೆದು ಹೋದರೆ ‘ಚಿ ಮೆತ್ತೊ ವೆಂತಿ ಮಿನೂತಿ’, ಇಪ್ಪತ್ತು ನಿಮಿಷ. ನೋಟಿಸುಗಳಲ್ಲಿ, ಫಾರಂಗಳಲ್ಲಿ ಒಕ್ಕೊರ್ರೆ, ಒಕ್ಕೊರ್ರೊನೊ ಕಾಣುತ್ತವೆ. ಸೆರ್ವೆಯದೇ ಕೆಲಸ, ಸ್ವಲ್ಪ ಕಚೇರಿಯ ಭಾಷೆ. ಒತ್ತಕ್ಷರ ನಮಗೆ ಹೊಸದಲ್ಲ, ‘ಒಕ್ಕಲು’ ಅನ್ನುವಷ್ಟೇ ಗಟ್ಟಿಯಾಗಿ ‘ಒಕ್ಕೊ’ ಅನ್ನಿ.

ನನಗೆ ತುಂಬಾ ಇಷ್ಟದ ಪದ ಬಸ್ತ. ಸುಮ್ನೆ ನಮ್ಮ ‘ಸಾಕು’. ‘ಮಿ ಬಸ್ತ’, ನನಗೆ ಸಾಕು. ಹೆಚ್ಚಾದರೆ ‘ಮಿ ಬಸ್ತನೊ’. ಪೋರ್ತ ಪಲಾತ್ಸೊ ಸಂತೆಯಲ್ಲಿ ಪಾಠ ಕಲಿತ ಮಕ್ಕಳನ್ನು ಚೀಸ್ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ. ಇಲ್ಲಿ ತೂಕ ಎತ್ತೊ ಲೆಕ್ಕದಲ್ಲಿ, ಒಂದು ಎತ್ತೊ ಅಂದರೆ ನೂರು ಗ್ರಾಂ. ‘ವೊರ್ರೆಯ್ ದುವೆ ಎತ್ತಿ ದಿ ತೋಮ’ ಅನ್ನಬೇಕು. ತೋಮ ಈ ಸೀಮೆಯದೇ ಚೀಸು. ಅಂಗಡಿಯವರು ‘ಲೆ ಸೆರ್ವೆ ಆಲ್ತ್ರೊ?’ ಅನ್ನುತ್ತಾರೆ, ಇನ್ನೇನಾದರೂ ಬೇಕಾ? ‘ಬಸ್ತ ಕೊಜ಼ಿ, ಗ್ರಾತ್ಸಿಯೆ.’ ಇಷ್ಟು ಸಾಕು.

ಆದ ಮಾತು ಹೇಳುವಾಗ ‘ಎ’ ಬರುತ್ತದೆ, ಹೆಚ್ಚಾದರೆ ‘ಸೋನೊ’: ‘ಮಿ ಎ ಸೆರ್ವಿತೊ’, ನನಗೆ ಉಪಯೋಗ ಆಯ್ತು, ‘ಚಿ ಸೋನೊ ವೊಲೂತೆ ದುವೆ ಓರೆ’, ಎರಡು ಗಂಟೆ ಹಿಡಿಯಿತು. ಇದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಮೊದಲ ವಾರ ಒಂದೇ ಅಭ್ಯಾಸ ಸಾಕು. ಇಟಲಿಗೆ ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕಲ್ಲ, ಅದರ ಪಟ್ಟಿಯನ್ನೇ ಜೋರಾಗಿ ಓದಿ. ಫೋಟೊ, ಪಾಸ್‌ಪೋರ್ಟಿನ ಜೆರಾಕ್ಸ್, 16 ಯೂರೊ ಸ್ಟ್ಯಾಂಪು, ಒಂದೊಂದಕ್ಕೂ ಸೆರ್ವೆಯೋ ಸೆರ್ವೊನೊವೋ ಹೇಳಿ. ಆಮೇಲೆ ತಂಬಾಕಿನ ಅಂಗಡಿಗೆ ಹೋಗಿ, ಸ್ಟ್ಯಾಂಪು ಸಿಗುವುದು ಅಲ್ಲೇ: ‘ಬ್ವೊಂಜೊರ್ನೊ, ಮಿ ಸೆರ್ವೆ ಉನ ಮಾರ್ಕ ದ ಬೊಲ್ಲೊ ದ ಸೆದಿಚಿ ಎವುರೊ.’