ದೆಹಲಿಯಿಂದ ಹಾಸನಕ್ಕೆ ಬಂದವರಿಗೆ: ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು?

ದೆಹಲಿಯಿಂದ ವರ್ಗವಾಗಿ ಬಂದ ಕುಟುಂಬಗಳು ಸಂಘದಲ್ಲಿ ಮೊದಲು ಕೇಳುವುದು ಬಾಡಿಗೆ ಮನೆ, ಶಾಲೆ. ಠಾಣೆಯದೋ ಜಮೀನಿನದೋ ಕೆಲಸ ಬಿದ್ದಾಗ "ಇದು ಕೇಂದ್ರದ್ದಾ, ರಾಜ್ಯದ್ದಾ?" ಅನ್ನುತ್ತಾರೆ. ಈ ಅನುಮಾನ ಸಹಜವೇ. ನೀವಿದ್ದ ಊರು ದೇಶದ ರಾಜಧಾನಿ, ಆದರೆ ಪೂರ್ತಿ ರಾಜ್ಯ ಅಲ್ಲ.

1991ರ ಸಂವಿಧಾನದ 69ನೇ ತಿದ್ದುಪಡಿಯಿಂದ ದೆಹಲಿಗೆ ವಿಧಾನಸಭೆ ಸಿಕ್ಕಿತು. ಈಗ ಅಲ್ಲಿ 70 ಶಾಸಕರು. ಆದರೂ ಪೊಲೀಸ್, ಕಾನೂನು ಸುವ್ಯವಸ್ಥೆ, ಜಮೀನು ಕೇಂದ್ರದ ಕೈಯಲ್ಲೇ ಉಳಿದವು. ಅಧಿಕಾರಿಗಳ ವರ್ಗಾವಣೆ ಚುನಾಯಿತ ಸರ್ಕಾರಕ್ಕೆ ಸೇರಿದ್ದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ಮೀರಿಸಲು ಅದೇ ತಿಂಗಳು ಕೇಂದ್ರದ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ಕಾಯ್ದೆಯೇ ಆಯಿತು. ವೋಟು ಹಾಕಿದ ಜನರಿಗೆ ಇದು ಅನ್ಯಾಯ ಅಂತಲೇ ನಮಗನ್ನಿಸುತ್ತದೆ.

ದುಡ್ಡಿನ ವಿಚಾರ ಇನ್ನೂ ಬಿಗಿ. ದೆಹಲಿ ಬಜೆಟ್ ಮಂಡಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಬೇಕು. 2023ರಲ್ಲಿ ಮಾರ್ಚ್ 21ಕ್ಕೆ ಬಜೆಟ್ ನಿಗದಿಯಾಗಿತ್ತು. ಒಪ್ಪಿಗೆ ಬರದೆ ಆ ದಿನ ನಿಂತುಹೋಯಿತು, ಮಾರನೇ ದಿನ ಮಂಡಿಸಿದರು. ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯ ಪಾಲೂ ದೆಹಲಿಗಿಲ್ಲ. ಅದರ ಬದಲು ಕೊಡುತ್ತಿದ್ದ ಅನುದಾನ 2001-02ರಿಂದ ಎರಡು ದಶಕ 325 ಕೋಟಿ ರೂಪಾಯಿ ದಾಟಲೇ ಇಲ್ಲ. ದೆಹಲಿ ಪೊಲೀಸರ ಖರ್ಚನ್ನು ಕೇಂದ್ರವೇ ನೋಡಿಕೊಳ್ಳುತ್ತದೆ, ಅದನ್ನೂ ಹೇಳಬೇಕು. 2021-26ರ ಅವಧಿಗೆ ಕರ್ನಾಟಕಕ್ಕೆ 15ನೇ ಆಯೋಗ ಕೊಟ್ಟ ಪಾಲು ಶೇ 3.647. ಅದಕ್ಕೂ ಹಿಂದೆ ಶೇ 4.713 ಇತ್ತು. ನಮಗೂ ತಕರಾರಿದೆ, ಆದರೆ ಕೇಳುವುದಕ್ಕೆ ಒಂದು ಹಕ್ಕಿನ ಪಾಲಾದರೂ ಇದೆ ಅಲ್ವಾ?

ಇಲ್ಲಿ ಠಾಣೆ, ಪಹಣಿ (ಜಮೀನಿನ ದಾಖಲೆ), ಜಮೀನಿನ ಪೋಡಿ (ಅಳೆದು ಭಾಗ ಮಾಡುವುದು) ಎಲ್ಲ ರಾಜ್ಯದ್ದೇ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ಬರೆದುಕೊಡಿ. ಅಲ್ಲೂ ಆಗದಿದ್ದರೆ ನಿಮ್ಮ ಶಾಸಕರನ್ನು ಕಾಣಿ. ಅವರು ಸದನದಲ್ಲಿ ಗೃಹ ಸಚಿವರನ್ನೇ ಕೇಳಬಹುದು. ದೆಹಲಿಯ ಶಾಸಕರ ಮುಂದೆ ಪೊಲೀಸರ ಬಗ್ಗೆ ಉತ್ತರ ಕೊಡುವ ಸಚಿವರೇ ಇಲ್ಲ. ಹಾಸನ ಜಿಲ್ಲೆಗೆ 7 ಶಾಸಕರಿದ್ದಾರೆ, ಸಂಕೋಚ ಬೇಡ. ರೈಲು, ಪಾಸ್‌ಪೋರ್ಟ್, ರಾಷ್ಟ್ರೀಯ ಹೆದ್ದಾರಿಗೆ ಮಾತ್ರ ಸಂಸದರು.

ಇದಕ್ಕೆಲ್ಲ ಬಲ ಬರುವುದು ನಿಮ್ಮ ವೋಟು ಇಲ್ಲಿದ್ದರೆ. ಮನೆ ಸಾಮಾನು ಬಿಚ್ಚಿಟ್ಟ ಮೇಲೆ ತಡಮಾಡಬೇಡಿ. ವಿಳಾಸ ಬದಲಾವಣೆಗೆ ನಮೂನೆ 8 ತುಂಬಿ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಿ, ಆನ್‌ಲೈನ್‌ನಲ್ಲೂ ಆಗುತ್ತದೆ. ಸುಮ್ನೆ ಹೊಸ ಮತದಾರರಿಗೆ ಇರುವ ನಮೂನೆ 6 ಹಾಕಬೇಡಿ, ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಕಡೂರಿನಲ್ಲಿ ಮನೆ ಮಾಡಿದವರಿಗೆ ಇನ್ನೊಂದು ಮಾತು: ನಿಮ್ಮ ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ಮಾತ್ರ ನಿಮ್ಮ ವೋಟು ಹಾಸನ ಕ್ಷೇತ್ರಕ್ಕೆ.