ರಾಜ್ಯೋತ್ಸವದ ರಾತ್ರಿ ಮುಗಿಯುವ ಗಡುವು: 'ಇಡಿ' (ಅರ್ಲಿ ಡಿಸಿಷನ್) ಹಾಕಿದ ನನ್ನ ಅನುಭವ

"ಸಹಾಯಧನ ಪಡೆದು ಮಕ್ಕಳನ್ನು ಅಮೆರಿಕದ ಕಾಲೇಜಿಗೆ ಕಳಿಸೋದೆಲ್ಲಾ ನಮ್ಮಂಥವರಿಗೆ ಆಗುವ ಮಾತಲ್ಲ" ಅಂದವರೇ ಈಗ ಮಕ್ಕಳ ಅಂಕಪಟ್ಟಿ ಹಿಡಿದು ಮನೆಗೆ ಬರುತ್ತಿದ್ದಾರೆ. ಬಂದವರಿಗೆಲ್ಲ ಕಾಫಿ ಕೊಟ್ಟು ಮೊದಲಿಂದ ಕಥೆ ಹೇಳಿ ಸಾಕಾಯಿತು. ಅದಕ್ಕೇ ಬರೆದುಬಿಡೋಣ ಅಂತ ಕೂತೆ. ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಒಂದೇ ಆನ್‌ಲೈನ್ ಅರ್ಜಿ), ಸಿಎಸ್ಎಸ್ ಪ್ರೊಫೈಲ್ (ಸಹಾಯಧನಕ್ಕೆ ಮನೆಯ ಆದಾಯ, ಆಸ್ತಿ ತಿಳಿಸುವ ಫಾರಂ) ತುಂಬೋದು ಹೇಗೆ ಅಂತ ಇಲ್ಲಿ ಹೇಳಲ್ಲ. ಒಮ್ಮೆಯಾದರೂ ಅವುಗಳಲ್ಲಿ ಕೈ ಸುಟ್ಟುಕೊಂಡವರಿಗೆ ಇದು.

ನಾನು ಮೈಸೂರಿನಲ್ಲಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡುತ್ತೇನೆ. ನಮ್ಮವರು ಬ್ಯಾಂಕಿನಲ್ಲಿದ್ದಾರೆ. ಇಬ್ಬರ ದುಡಿಮೆ ಸೇರಿ ವರ್ಷಕ್ಕೆ 28 ಲಕ್ಷದ ಹತ್ತಿರ. ಮಗ 2021ರಲ್ಲಿ ಹಾಕಿದ, ಸೋತ. ಮಗಳು 2024ರಲ್ಲಿ ಹಾಕಿದಳು, ಗೆದ್ದಳು. ಮಾರ್ಕ್ಸ್ ಮಗನದೇ ಜಾಸ್ತಿ ಇತ್ತು. ಇದನ್ನು ಅವಳ ಎದುರು ಹೇಳಲ್ಲ ಬಿಡಿ.

ಮಗನ ಕಥೆ ಮೊದಲು. ಬೆಂಗಳೂರಿನ ಒಬ್ಬ ಸಲಹೆಗಾರರಿಗೆ 2 ಲಕ್ಷ 75 ಸಾವಿರ ಕೊಟ್ಟೆವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಈ ನಾಲ್ಕರಲ್ಲಿ ಒಂದಕ್ಕೆ ಅರ್ಲಿ, ಅಂದರೆ ಮಾಮೂಲಿಗಿಂತ ಮುಂಚಿನ ಸುತ್ತಿನ ಅರ್ಜಿ, ಹಾಕಿಸಿದರು. ಈ ನಾಲ್ಕೂ ಕಡೆ ಅರ್ಲಿ ಅಂದರೆ ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಕಟ್ಟುಪಾಡು ಇಲ್ಲದ್ದು. ಆದರೆ ಅಲ್ಲಿಗೆ ಹಾಕಿದರೆ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕುವಂತಿಲ್ಲ. ಇದ್ದ ಒಂದೇ ಬಾಣ, ಅದನ್ನು ಆಕಾಶಕ್ಕೆ ಬಿಟ್ಟೆವು. ಡಿಸೆಂಬರ್‌ನಲ್ಲಿ ಡಿಫರ್ (ಈಗಲ್ಲ, ಆಮೇಲೆ ನೋಡುತ್ತೇವೆ), ಮಾರ್ಚ್ ಕೊನೆಗೆ ಇಲ್ಲ. ನಡುವೆ ಗಾಬರಿಯಲ್ಲಿ 14 ಕಾಲೇಜಿಗೆ ರೆಗ್ಯುಲರ್ (ಮಾಮೂಲಿ ಸುತ್ತಿನ ಅರ್ಜಿ) ಹಾಕಿದೆವು. ಒಂದೊಂದಕ್ಕೂ 75ರಿಂದ 90 ಡಾಲರ್. ಎಸ್ಎಟಿ ಪ್ರವೇಶ ಪರೀಕ್ಷೆ ಎರಡು ಸಲ, ಮೇಲಿನ ಚಿಲ್ಲರೆ ಎಲ್ಲಾ ಸೇರಿ ಒಂದೂಕಾಲು ಲಕ್ಷ ಮುಟ್ಟಿತು. ಸಲಹೆಗಾರರದ್ದೂ ಸೇರಿದರೆ 4 ಲಕ್ಷ.

ದೊಡ್ಡ ತಪ್ಪು ಆ ಖರ್ಚಲ್ಲ. "ಸಹಾಯಧನ ಬೇಕು ಅನ್ನುವ ಕಡೆ ಟಿಕ್ ಹಾಕಬೇಡಿ, ಮೊದಲು ಒಳಗೆ ಹೋಗಲಿ, ಆಮೇಲೆ ಕೇಳಿಕೊಳ್ಳೋಣ" ಅಂದರು. ಕೇಳಿದೆವು. ಎರಡು ಕಡೆ ಸೀಟು ಬಂತು. ಆಮೇಲೆ ಸಹಾಯಧನ ಕೇಳಿದರೆ ಎರಡೂ ಕಡೆಯಿಂದ ಒಂದೇ ಉತ್ತರ: ಹೊರದೇಶದವರು ಸೇರುವಾಗ ಕೇಳದಿದ್ದರೆ ನಾಲ್ಕು ವರ್ಷವೂ ಕೇಳುವಂತಿಲ್ಲ. ವರ್ಷಕ್ಕೆ 60 ಲಕ್ಷ ಎಲ್ಲಿಂದ ತರೋದು? ಆ ನಿಯಮ ಅವರ ವೆಬ್‌ಸೈಟಿನಲ್ಲೇ ಇತ್ತು. ದಿನಾ ಬೇರೆಯವರ ನೋಟಿಸ್ ಓದಿ ಉತ್ತರ ಬರೆಯುವ ನಾನೇ ಅದನ್ನು ಓದಿರಲಿಲ್ಲ. ಮಗ ಕಾಮೆಡ್‌ಕೆ ಬರೆದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿದ. ಈಗ ಕೊನೆಯ ವರ್ಷ, ನನಗಿಂತ ಆರಾಮಾಗಿದ್ದಾನೆ.

ಮಗಳ ಸಲ ಸಲಹೆಗಾರರನ್ನು ಬಿಟ್ಟೆ. ಒಂದು ಎಕ್ಸೆಲ್ ಶೀಟ್ ಮಾಡಿದೆ. ಮೊದಲ ಕಾಲಂ ಕಾಲೇಜಿನ ಹೆಸರಲ್ಲ, ನಾವು ವರ್ಷಕ್ಕೆ ಎಷ್ಟು ಕೊಡಬಲ್ಲೆವು ಅನ್ನುವ ಅಂಕಿ. ಬೋಗಾದಿ ಕಡೆ ಇದ್ದ ಸೈಟ್ ಮಾರಿದರೆ, ಸ್ವಲ್ಪ ಸಾಲ ತೆಗೆದರೆ, 18 ಲಕ್ಷ. ಅಂದರೆ 21 ಸಾವಿರ ಡಾಲರ್. ಪೂರ್ತಿ ಖರ್ಚು 86 ಸಾವಿರದ ಆಸುಪಾಸು. ಮಿಕ್ಕ 65 ಸಾವಿರ ಕಾಲೇಜೇ ಕೊಡಬೇಕು. ಕೊಡುವ ಶಕ್ತಿ, ಕೊಡುವ ಪದ್ಧತಿ ಎರಡೂ ಇರುವ ಕಾಲೇಜು ಮಾತ್ರ ಶೀಟಿನಲ್ಲಿ ಉಳಿಯಬೇಕು. ಹೀಗೆ ಜರಡಿ ಹಿಡಿದರೆ ಅರವತ್ತರಲ್ಲಿ ಉಳಿದದ್ದು ಹನ್ನೊಂದು.

ಶೇಕಡಾವಾರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಎಲ್ಲರೂ ಅಲ್ಲೇ ಮೋಸ ಹೋಗೋದು. ಬ್ರೌನ್‌ನಲ್ಲಿ 2024ರಲ್ಲಿ ಸೇರಿದ ಬ್ಯಾಚಿಗೆ ಅರ್ಲಿಯಲ್ಲಿ ನೂರಕ್ಕೆ 14 ಜನರಿಗೆ ಸಿಕ್ಕಿತು. ಒಟ್ಟು ಲೆಕ್ಕದಲ್ಲಿ ಬರೀ 5. ನೋಡಿದ ತಕ್ಷಣ "ಆಹಾ, ಮೂರು ಪಟ್ಟು" ಅನಿಸುತ್ತೆ ಅಲ್ವಾ? ಆದರೆ ಆ 14ರಲ್ಲಿ ಕೋಚ್‌ಗಳು ಮೊದಲೇ ಗೊತ್ತುಮಾಡಿಕೊಂಡ ಕ್ರೀಡಾಪಟುಗಳಿದ್ದಾರೆ, ಅಪ್ಪ ಅಮ್ಮ ಅಲ್ಲೇ ಓದಿದವರ ಮಕ್ಕಳಿದ್ದಾರೆ. ಅವರನ್ನೆಲ್ಲ ತೆಗೆದರೆ ಸಹಾಯಧನ ಕೇಳುವ ಮೈಸೂರಿನ ಹುಡುಗಿಗೆ ಎಷ್ಟು ಉಳಿಯುತ್ತೆ? ಎಂಐಟಿ ನೋಡಿ, ಹೊರದೇಶದವರಿಗೆ ಅಲ್ಲಿ ಅರ್ಲಿಯಾಗಲಿ ರೆಗ್ಯುಲರಾಗಲಿ ಸಿಗೋದೇ ಕಡಿಮೆ, ನೂರಕ್ಕೆ ಎರಡರ ಸುಮಾರು.

ಹಾಗಂತ ಅರ್ಲಿಯಿಂದ ಲಾಭವೇ ಇಲ್ಲ ಅಂತಲ್ಲ. ಹಿಂದೆ, 2003ರ ಹೊತ್ತಿಗೆ, ಹಾರ್ವರ್ಡ್‌ನ ಸಂಶೋಧಕರೇ ಲೆಕ್ಕ ಹಾಕಿದ್ದರು: ಅರ್ಲಿ ಡಿಸಿಷನ್ (ಸಿಕ್ಕರೆ ಸೇರಲೇಬೇಕಾದ ಅರ್ಲಿ) ಹಾಕಿದರೆ ಎಸ್ಎಟಿಯಲ್ಲಿ ಸುಮಾರು 100 ಅಂಕ ಜಾಸ್ತಿ ಬಂದಷ್ಟು ಲಾಭ. ಇದು ಅನುಕೂಲಸ್ಥರಿಗೇ ಅನುಕೂಲ ಅಂತ ಹಾರ್ವರ್ಡ್ 2006ರಲ್ಲಿ ಅರ್ಲಿಯನ್ನೇ ಬಿಡುವುದಾಗಿ ಹೇಳಿತು, 2011ರಲ್ಲಿ ಮತ್ತೆ ತಂದಿತು. ಅವರಿಗೂ ಬಿಟ್ಟಿರಕ್ಕಾಗಲಿಲ್ಲ. ಕರೆದರೆ ಖಂಡಿತ ಬರುವ ಹುಡುಗಿ ಯಾವ ಕಾಲೇಜಿಗೆ ಬೇಡ? ಇನ್ನೊಂದು ನನ್ನ ಅಂದಾಜು: ಹೊರದೇಶದವರಿಗೆ ಇಟ್ಟ ದುಡ್ಡಿನ ಡಬ್ಬಿ ಡಿಸೆಂಬರ್‌ನಲ್ಲಿ ತುಂಬಿರುತ್ತೆ, ಮಾರ್ಚ್‌ನಲ್ಲಿ ತಳ ಕಾಣುತ್ತೆ.

ಹಾಗಾಗಿ ದೊಡ್ಡ ಹೆಸರು ಬಿಟ್ಟು, ಮ್ಯಾಸಚೂಸೆಟ್ಸ್ ಕಡೆಯ ಒಂದು ಸಣ್ಣ ಕಾಲೇಜಿಗೆ ಕಟ್ಟುಪಾಡಿನ ಅರ್ಲಿ ಹಾಕೋದು ಅಂತಾಯಿತು. ಹೆಸರು ಹೇಳಲ್ಲ, ಹೇಳಿದರೆ ಬರುವ ವರ್ಷ ಮೈಸೂರಿನಿಂದಲೇ ಇಪ್ಪತ್ತು ಅರ್ಜಿ ಹೋಗುತ್ತೆ! ನ್ಯೂಜೆರ್ಸಿಯ ಭಾವ ಫೋನ್ ಮಾಡಿ, "ಅದರ ಹೆಸರು ಇಲ್ಲಿ ಅಂಗಡಿಯವನಿಗೂ ಗೊತ್ತಿಲ್ಲ ಕಣಮ್ಮಾ. ಸಹಿ ಮಾಡಿಬಿಟ್ಟು ಆಮೇಲೆ ದುಡ್ಡಿಲ್ಲ ಅಂದರೆ ಕೋರ್ಟಿಗೆ ಎಳೀತಾರೆ" ಅಂದರು. ಕೋರ್ಟು ಗೀರ್ಟು ಏನಿಲ್ಲ. ಅವರು ಕೊಟ್ಟ ಸಹಾಯಧನ ಸಾಲದೇ ಹೋದರೆ ಬಿಡುಗಡೆ ಕೇಳಬಹುದು. ಬೇರೆ ಕಡೆ ಇನ್ನೂ ಒಳ್ಳೆಯದು ಸಿಕ್ಕಿತು ಅಂತ ಮಾತ್ರ ಕೇಳುವಂತಿಲ್ಲ.

ನಿಜವಾದ ತಲೆನೋವು ಇದ್ದದ್ದು ಅಮೆರಿಕದಲ್ಲಲ್ಲ, ನಮ್ಮ ಪಿಯು ಕಾಲೇಜಿನ ಆಫೀಸಿನಲ್ಲಿ. ಕಾಮನ್ ಆ್ಯಪ್‌ಗೆ 'ಕೌನ್ಸೆಲರ್' ಬೇಕು. ನಮ್ಮಲ್ಲಿ ಯಾರಿದ್ದಾರೆ? ವೈಸ್ ಪ್ರಿನ್ಸಿಪಾಲರನ್ನೇ ಒಪ್ಪಿಸಿದೆವು. ಕಾಲೇಜಿನ ಹೆಸರಿರುವ ಇಮೇಲ್ ಇರಲಿ ಅಂದುಕೊಂಡರೆ, ಇದ್ದದ್ದು ಒಂದು ಜಿಮೇಲ್. ಅದರ ಪಾಸ್‌ವರ್ಡ್ ಬಿಟ್ಟುಹೋದ ಗುಮಾಸ್ತರ ಫೋನಿನಲ್ಲಿ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿ ಹಳೇ ಶಾಲೆಯಲ್ಲಿ. ಅವರು ಎಸ್ಸೆಸ್ಸೆಲ್ಸಿ ಕಾರ್ಡ್ ಇದ್ದಮೇಲೆ ಅದ್ಯಾಕೆ ಅಂತ ಮೂರು ಸಲ ವಾಪಸ್ ಕಳಿಸಿದರು.

ಇದರ ಮೇಲೆ ಕ್ಯಾಲೆಂಡರ್. ಗಡುವು ನವೆಂಬರ್ 1, ನಮ್ಮ ಗಡಿಯಾರದ ಪ್ರಕಾರ ರಾತ್ರಿ 11:59. ಆ ದಿನ ರಾಜ್ಯೋತ್ಸವ. 2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿ, 2 ಬಲಿಪಾಡ್ಯಮಿ, 3 ಭಾನುವಾರ. ನಾಲ್ಕು ದಿನ ಆಫೀಸಿಗೆ ಬೀಗ. ಇದನ್ನು ನಾನು ನೋಡಿದ್ದು ಅಕ್ಟೋಬರ್ 22ಕ್ಕೆ! ಮಾರನೇ ದಿನ ಹತ್ತು ಗಂಟೆಗೇ ಹೋಗಿ ವೈಸ್ ಪ್ರಿನ್ಸಿಪಾಲರ ಮೇಜಿನ ಎದುರು ಕೂತೆ. ಸರ್ ಒಂದು ಬೆರಳಿನಲ್ಲಿ ಟೈಪ್ ಮಾಡಿದರು. ಶಿಫಾರಸು ಪತ್ರದಲ್ಲಿ "ಈಕೆ ವಿಧೇಯಳು, ಶಿಸ್ತಿನವಳು" ಅನ್ನುವುದು ಬಿಟ್ಟು ಬೇರೆ ಇರಲಿಲ್ಲ. "ಸರ್, ಆ ಮಳೆನೀರಿನ ಟ್ಯಾಂಕ್ ವಿಷಯ ನಿಮಗೆ ನೆನಪಿದೆಯಲ್ಲ" ಅಂದೆ. ಅವರ ಮುಖ ಅರಳಿತು. ಲ್ಯಾಬಿನ ಹಿಂದಿನ ಟ್ಯಾಂಕಿನ ನೀರನ್ನು ಇವಳು ಎರಡು ವರ್ಷ ಅಳೆದು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಟ್ಟಿದ್ದಳು, ಸುಣ್ಣ ಹೊಡೆಯುವವನು ಅಳಿಸಲು ಹೋದಾಗ ಸರ್ ತಾವೇ ತಡೆದಿದ್ದರು. ಅದನ್ನೇ ಬರೆದರು. ಇಡೀ ಅರ್ಜಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ಯಾರಾ ಇರಲಿಲ್ಲ. ನಾಲ್ಕೂವರೆಗೆ ಸೀಲು ಬಿದ್ದು ಅಪ್‌ಲೋಡ್ ಆಯಿತು.

ಸಿಎಸ್ಎಸ್ ಪ್ರೊಫೈಲ್ ನನ್ನ ಅಖಾಡ. ಅಲ್ಲಿ ಹೆಚ್ಚಿನವರು ಜಮೀನು ಮುಚ್ಚಿಡುತ್ತಾರೆ. ಬೇಡ. ನಮ್ಮವರ ಕಡೆ ತೀರ್ಥಹಳ್ಳಿಯಲ್ಲಿ ಅಡಿಕೆ ತೋಟ ಇದೆ, ಪಹಣಿಯಲ್ಲಿ ಆರು ಜನರ ಹೆಸರು. ಕೃಷಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ ಅಂತ ಅಲ್ಲಿ ಬಿಟ್ಟರೆ, ರಿಟರ್ನ್ಸ್ ನೋಡಿದವರಿಗೆ ಅನುಮಾನ ಬರುತ್ತೆ. ನಮ್ಮ ಪಾಲು ಆರನೇ ಒಂದು, ಮಾರಲು ಉಳಿದ ಐವರ ಸಹಿ ಬೇಕು, ವರ್ಷಕ್ಕೆ ಕೈಗೆ ಬರೋದು ಇಷ್ಟು ಅಂತ ಒಂದು ಪುಟ ಬರೆದು ಪಹಣಿಯ ಅನುವಾದದ ಜೊತೆ ಕಳಿಸಿದೆ. ಆ ಪುಟದಲ್ಲಿ ಇನ್ನೊಂದು ವಾಕ್ಯವೂ ಇತ್ತು. ಅದು ನನ್ನ ಕಸುಬಿನ ಗುಟ್ಟು, ಇಲ್ಲಿ ಬರೆಯಲ್ಲ.

ಕಾಯುವಾಗಿನ ಒಂದು ತಮಾಷೆ. ಅರ್ಲಿ ಡಿಸಿಷನ್‌ಗೆ ನಾವು ಮನೆಯಲ್ಲಿ 'ಇಡಿ' ಅನ್ನುತ್ತಿದ್ದೆವು. ಆಫೀಸಿನಲ್ಲಿ ಒಬ್ಬ ಕ್ಲೈಂಟ್ ಎದುರಿಗೆ ಕೂತಿದ್ದಾಗ ಮಗಳ ಫೋನ್ ಬಂತು. "ಇಲ್ಲ ಕಣೇ, ಇಡಿಯಿಂದ ಇನ್ನೂ ಏನೂ ಬಂದಿಲ್ಲ" ಅಂದೆ. ಆ ಮನುಷ್ಯ ಫೈಲ್ ಎತ್ತಿಕೊಂಡು ಎದ್ದೇ ಬಿಟ್ಟರು.

ಡಿಸೆಂಬರ್ ಮಧ್ಯ, ಬೆಳಗಿನ ಜಾವ ಐದೂವರೆ. ಅಲ್ಲಿ ಸಂಜೆ ಏಳು. ನಾನು ಡಿಕಾಕ್ಷನ್ ಇಳಿಯೋದನ್ನೇ ನೋಡುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ರೂಮಿನಿಂದ ಸದ್ದೇ ಇಲ್ಲ. ಆಗಲಿಲ್ಲ ಅಂದುಕೊಂಡೆ. ಹೋಗಿ ನೋಡಿದರೆ ಅವಳು ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಇಬ್ಬರೂ ಮಾತಿಲ್ಲದೆ ಅಳುತ್ತಾ ಕೂತಿದ್ದಾರೆ.

ಸಹಾಯಧನದ ಪತ್ರದಲ್ಲಿ ನಮ್ಮ ಪಾಲು 23 ಸಾವಿರ ಡಾಲರ್ ಮೇಲಿತ್ತು. ಒಂದು ವಿನಂತಿ ಬರೆದೆ, ಎರಡು ಸಾವಿರ ಇಳಿಸಿದರು. ಒಟ್ಟು ಅರ್ಜಿಯ ಖರ್ಚು 45 ಸಾವಿರ ರೂಪಾಯಿ ಇರಬಹುದು. ಅದರಲ್ಲಿ ಒಂದು ದಂಡ: ಇರಲಿ ಅಂತ ಒಂದು ಸರ್ಕಾರಿ ಯೂನಿವರ್ಸಿಟಿಗೂ ಅರ್ಲಿ ಆ್ಯಕ್ಷನ್ (ಕಟ್ಟುಪಾಡಿಲ್ಲದ ಅರ್ಲಿ) ಹಾಕಿದ್ದೆವು, ಅದಕ್ಕೆ ಅಡ್ಡಿಯಿಲ್ಲ. ಇಡಿ ಆದಮೇಲೆ ಅದನ್ನು ವಾಪಸ್ ತೆಗೆಯಬೇಕಾಯಿತು.

ಬೇಗ ಆದದ್ದರ ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ ಐ-20 ಬೇಗ ಬಂತು, ಚೆನ್ನೈನಲ್ಲಿ ಮೇ ಮಧ್ಯದ ವೀಸಾ ಸ್ಲಾಟ್ ಸಿಕ್ಕಿತು. 2025ರ ಆ ಮೇ ಕೊನೆಗೆ ಅಮೆರಿಕದ ವೀಸಾ ಕಚೇರಿಯವರು ಹೊಸ ಸ್ಲಾಟ್ ಕೊಡೋದನ್ನೇ ಕೆಲವು ವಾರ ನಿಲ್ಲಿಸಿದರು. ನಮ್ಮ ಪರಿಚಯದವರು ಜುಲೈ ತನಕ ನಿದ್ದೆಗೆಟ್ಟರು. ದುಡ್ಡು ಕಳಿಸುವವರು ಒಂದು ವಿಷಯ ನೋಡಿಕೊಳ್ಳಿ: 2025ರ ಏಪ್ರಿಲ್‌ನಿಂದ ಬ್ಯಾಂಕಿನ ವಿದ್ಯಾಸಾಲದಿಂದ ಕಳಿಸಿದರೆ ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಇಲ್ಲ. ಸ್ವಂತ ದುಡ್ಡಾದರೆ 10 ಲಕ್ಷದ ಮೇಲೆ ಕಟ್ಟಬೇಕು. ನಮ್ಮ ಸಾಲ ಯಾವ ಕಂತಿಗೆ, ಸೈಟಿನ ದುಡ್ಡು ಯಾವ ಕಂತಿಗೆ ಅನ್ನೋದನ್ನು ಇದನ್ನು ನೋಡಿಯೇ ಜೋಡಿಸಿದೆ.

ಎಲ್ಲರಿಗೂ ಇದೇ ದಾರಿ ಆಗುತ್ತೆ ಅಂತ ಹೇಳಲ್ಲ. ತಂಗಿ ಮಗನಿಗೆ ಇದೇ ಶೀಟ್ ಕೊಟ್ಟು ಜನವರಿಯಲ್ಲಿ ಎರಡನೇ ಸುತ್ತಿನ ಇಡಿ ಹಾಕಿಸಿದೆ. ಫೆಬ್ರವರಿಯಲ್ಲಿ ಇಲ್ಲ ಅಂತ ಬಂತು. ಅವನು ಕೇಳಿದ್ದು ಪೂರ್ತಿ ಸಹಾಯಧನ, ನಾವು ಕೇಳಿದ್ದು ಮುಕ್ಕಾಲು. ಕಾರಣ ಅದೇನಾ, ಎರಡನೇ ಸುತ್ತಿನ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತಾ, ಇನ್ನೂ ಯೋಚನೆ ಮಾಡುತ್ತಿದ್ದೇನೆ. ತಂಗಿ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಈ ಸಲ ದಸರಾ ರಜೆ ಮುಗಿಯುತ್ತಿದ್ದ ಹಾಗೇ ಪಿಯು ಕಾಲೇಜಿನಿಂದ ಫೋನ್ ಬಂತು. "ಮೇಡಂ, ಇನ್ನೂ ಮೂರು ಹುಡುಗರು ಅಮೆರಿಕದ ಫಾರಂ ತಂದಿದ್ದಾರೆ. ಹೋದ ವರ್ಷ ಹೇಗೆ ಮಾಡಿದ್ವಿ ಅನ್ನೋದು ಸರ್‌ಗೆ ಮರೆತೇ ಹೋಗಿದೆಯಂತೆ. ಒಂದ್ಸಲ ಬಂದು ಹೋಗ್ತೀರಾ?"