ಸಂಬಳದ ಚೀಟಿಯನ್ನು ಹೊಸ ಸಂಹಿತೆಗೆ ಹೊಂದಿಸುವುದು ಹೇಗೆ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾಯ್ದೆಗಳು ಅವುಗಳಲ್ಲಿ ವಿಲೀನವಾದವು. ಅಂದಿನಿಂದ ಸಣ್ಣ ಕಾರ್ಖಾನೆ, ಅಂಗಡಿ, ಕಚೇರಿಗಳ ಮಾಲೀಕರ ಬಾಯಲ್ಲಿ ಒಂದೇ ಮಾತು: 'ಮೂಲವೇತನವನ್ನು ಸಂಬಳದ ಅರ್ಧಕ್ಕೆ ಏರಿಸಿಬಿಟ್ಟರೆ ಆಯಿತಂತೆ.' ಇಲ್ಲ, ಅಷ್ಟಕ್ಕೇ ಆಗುವುದಿಲ್ಲ. ಮೂಲವೇತನ ಅರ್ಧದಷ್ಟಿರಬೇಕು ಎಂದು ಈ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆ ಎಲ್ಲಿಯೂ ಹೇಳಿಲ್ಲ. ಅದು ಮಿತಿ ಹಾಕಿರುವುದು ವೇತನದ ಲೆಕ್ಕದಿಂದ ಹೊರಗಿಡಬಹುದಾದ ಬಾಬತ್ತುಗಳಿಗೆ: ಅವು ಒಟ್ಟು ಮೊತ್ತದ ಅರ್ಧವನ್ನು ದಾಟಿದರೆ, ದಾಟಿದಷ್ಟು ಮರಳಿ ವೇತನಕ್ಕೇ ಸೇರುತ್ತದೆ. ಈ ವ್ಯತ್ಯಾಸ ತಿಳಿಯದೆ ಚೀಟಿ ತಿದ್ದಿದವರ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ) ಲೆಕ್ಕವೆಲ್ಲ ತಪ್ಪಿದೆ.

ಮೊದಲು ಪ್ರತಿ ನೌಕರರಿಗೆ ತಿಂಗಳಿಗೆ ಏನೇನು ಕೊಡುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಿ.ಎಫ್.ಗೆ ನೀವು ಕಟ್ಟುವ ಮಾಲೀಕರ ಪಾಲನ್ನೂ ಸೇರಿಸಿ.

ಎರಡನೆಯದು ವಿಂಗಡಣೆ. ಎಡವುವವರೆಲ್ಲ ಎಡವುವುದು ಇಲ್ಲಿಯೇ, ಆದ್ದರಿಂದ ಅವಸರ ಬೇಡ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ 'ಒಳಗೆ', ಬಲಕ್ಕೆ 'ಹೊರಗೆ' ಎಂದು ಬರೆಯಿರಿ. ಮೂಲವೇತನ ಮತ್ತು ತುಟ್ಟಿಭತ್ಯೆ ಒಳಗೆ. ಹೊರಗೆ ಹೋಗುವುದು ಸಂಹಿತೆ ಹೆಸರು ಹಿಡಿದು ಹೇಳಿದ್ದು ಮಾತ್ರ: ಮನೆಬಾಡಿಗೆ ಭತ್ಯೆ, ಸಾರಿಗೆ ಭತ್ಯೆ, ಮಾಲೀಕರ ಪಿ.ಎಫ್. ಪಾಲು, ಓವರ್‌ಟೈಮ್ ಹಣ, ಕಮಿಷನ್, ಕಾನೂನುಬದ್ಧ ಬೋನಸ್, ಕೆಲಸದ ಸ್ವರೂಪದಿಂದಾಗಿ ನೌಕರ ಮಾಡಲೇಬೇಕಾದ ಖರ್ಚಿಗೆ ಕೊಡುವ ಹಣ, ಇಂಥವು. ಗ್ರಾಚ್ಯುಟಿಯೂ ವೇತನವಲ್ಲ, ಆದರೆ ಅದು ಅರ್ಧದ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಸಿಟಿಸಿ (ನೌಕರನಿಗಾಗಿ ಮಾಲೀಕ ಮಾಡುವ ಒಟ್ಟು ವೆಚ್ಚ) ಪಟ್ಟಿಯಲ್ಲಿ ಅದಕ್ಕೆಂದು ಎತ್ತಿಟ್ಟ ಮೊತ್ತವನ್ನು ಈ ಹಾಳೆಗೆ ತರಲೇಬೇಡಿ.

ಹಾಗಾದರೆ 'ವಿಶೇಷ ಭತ್ಯೆ' ಎಲ್ಲಿ? ಹೊರಗಿಡುವ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಎಲ್ಲರಿಗೂ ತಿಂಗಳು ತಿಂಗಳು ತಪ್ಪದೆ ಕೊಡುವ ವಿಶೇಷ ಭತ್ಯೆ ಒಳಗೇ ಬರುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಎಲ್ಲರಿಗೂ ಸಮಾನವಾಗಿ ಸಲ್ಲುವ ಇಂಥ ಭತ್ಯೆಗಳ ಮೇಲೆ ಪಿ.ಎಫ್. ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿಯೇ ಹೇಳಿತ್ತು.

ಈಗ ಒಂದು ಲೆಕ್ಕ ಮಾಡೋಣ. ಮೂಲವೇತನ ಮತ್ತು ತುಟ್ಟಿಭತ್ಯೆ 14,000, ಮನೆಬಾಡಿಗೆ 10,000, ಸಾರಿಗೆ 4,000, ವಿಶೇಷ ಭತ್ಯೆ 12,000, ಮಾಲೀಕರ ಪಿ.ಎಫ್. 1,800. ಒಟ್ಟು 41,800 ರೂಪಾಯಿ. ಇದರ ಅರ್ಧ 20,900. ಹೊರಗಿನ ಸಾಲು ಕೂಡಿಸಿ: 10,000, 4,000, 1,800, ಅಂದರೆ 15,800. ಅರ್ಧವನ್ನು ದಾಟಿಲ್ಲ, ಆದ್ದರಿಂದ ಸೇರಿಸುವುದು ಏನೂ ಇಲ್ಲ. ಒಳಗಿನ 14,000 ಮತ್ತು 12,000 ಸೇರಿ ವೇತನ 26,000 ರೂಪಾಯಿ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಎಕ್ಸೆಲ್ ಹಾಳೆಗಳು ಇದೇ ನೌಕರನಿಗೆ ಒಟ್ಟು ಮೊತ್ತದ ಅರ್ಧವನ್ನೇ ವೇತನವೆಂದು ತೋರಿಸುತ್ತವೆ. ಒಂದೇ ಸೂತ್ರವನ್ನು ಎಲ್ಲ ಸಾಲಿಗೂ ಎಳೆದ ಆ ಹಾಳೆಗಳನ್ನು ಅಳಿಸಿಹಾಕಿ. 'ಹೊಸ ಸಂಹಿತೆಗೆ ಸಿದ್ಧ' ಎಂದು ಹೇಳಿಕೊಳ್ಳುವ ತಂತ್ರಾಂಶವನ್ನೂ ಈ ಉದಾಹರಣೆ ಕೊಟ್ಟು ಪರೀಕ್ಷಿಸಿ. ಉತ್ತರ 26,000 ಬಾರದಿದ್ದರೆ ದುಡ್ಡು ಕಟ್ಟಬೇಡಿ.

ವಿಶೇಷ ಭತ್ಯೆಗೆ 'ಸಾರಿಗೆ ಭತ್ಯೆ' ಎಂದು ಹೆಸರು ಬದಲಿಸುವ ಉಪಾಯವೂ ಚಲಾವಣೆಯಲ್ಲಿದೆ. ಲೆಕ್ಕ ಹಾಕಿ ನೋಡಿ. ಹೊರಗಿನ ಮೊತ್ತ 27,800 ಆಗುತ್ತದೆ. ಅರ್ಧಕ್ಕಿಂತ 6,900 ಹೆಚ್ಚು. ಹೆಚ್ಚಾದದ್ದು ಮರಳಿ ಒಳಗೆ ಬಂದು ವೇತನ 20,900 ಆಗುತ್ತದೆ. ಹಳೆಯ 14,000ಕ್ಕೆ ಮರಳುವ ದಾರಿ ಇಲ್ಲ. ಕಾರ್ಖಾನೆಯ ಪಕ್ಕದ ಬೀದಿಯಿಂದ ನಡೆದು ಬರುವ ಆಪರೇಟರ್‌ಗೆ 16,000 ರೂಪಾಯಿ ಸಾರಿಗೆ ಭತ್ಯೆ ಏಕೆ ಎಂದು ತನಿಖೆಗೆ ಬಂದವರು ಕೇಳಿದರೆ ಉತ್ತರವೂ ಇರುವುದಿಲ್ಲ. ನನ್ನ ಸಲಹೆ ಕೇಳುವುದಾದರೆ ವಿಶೇಷ ಭತ್ಯೆಯ ಸಾಲನ್ನೇ ತೆಗೆದು ಮೂಲವೇತನಕ್ಕೆ ಸೇರಿಸಿ. ಆ ಸಾಲಿನಿಂದ ಇನ್ನು ಯಾರಿಗೂ ಲಾಭವಿಲ್ಲ.

ಓವರ್‌ಟೈಮ್ ಅಥವಾ ಕಮಿಷನ್ ಹೆಚ್ಚು ಬಂದ ತಿಂಗಳಲ್ಲಿ ಹೊರಗಿನ ಸಾಲು ಉಬ್ಬುತ್ತದೆ. ಒಮ್ಮೆ ಮಾಡಿಟ್ಟ ಲೆಕ್ಕ ಆ ತಿಂಗಳಿಗೆ ಸಲ್ಲುವುದಿಲ್ಲ, ಮತ್ತೆ ಮಾಡಬೇಕು.

ಮೂರನೆಯದು, ಪಿ.ಎಫ್. ಕೈಗೆ ಬರುವ ಸಂಬಳ ಅರ್ಧಕ್ಕರ್ಧ ಇಳಿಯುತ್ತದೆ ಎಂಬ ಗಾಬರಿ ಬೇಡ. ಪಿ.ಎಫ್. ಕಡ್ಡಾಯವಾಗಿರುವುದು 15,000 ರೂಪಾಯಿ ವೇತನದವರೆಗೆ ಮಾತ್ರ; ಆ ಮಿತಿಯ ಮೇಲೆ ಪಿ.ಎಫ್. ಕಟ್ಟುತ್ತಿದ್ದವರಿಗೆ ಕೈಗೆ ಬರುವ ಹಣ ಕಡಿಮೆಯಾಗುವುದಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯವೇ 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೆ ಇಲ್ಲಿಯವರೆಗೆ ಮಿತಿಗಿಂತ ಕಡಿಮೆ ಇದ್ದ 14,000ದ ಮೇಲೆ ಶೇ 12ರಂತೆ 1,680 ರೂಪಾಯಿ ಕಡಿತವಾಗುತ್ತಿದ್ದ ನಮ್ಮ ಉದಾಹರಣೆಯ ನೌಕರನಿಗೆ ಇನ್ನು ಮುಂದೆ 15,000ದ ಮೇಲೆ 1,800 ಕಡಿತ. ಕಡಿಮೆಯಾಗುವುದು 120 ರೂಪಾಯಿ. ಸಂಬಳದ ದಿನಕ್ಕೆ ಮೊದಲೇ ಅವನಿಗೆ ಇದನ್ನು ತಿಳಿಸಿ.

ನಾಲ್ಕನೆಯದು, ಗ್ರಾಚ್ಯುಟಿ. ನಿಜವಾದ ಹೊರೆ ಇದು. ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ ಸೇವೆಯ ಗ್ರಾಚ್ಯುಟಿ. 14,000ಕ್ಕೆ ಅದು 8,077 ರೂಪಾಯಿ, 26,000ಕ್ಕೆ 15,000. ನಿಗದಿತ ಅವಧಿಯ ಒಪ್ಪಂದದ ನೌಕರರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ದುಡಿದರೆ ಅರ್ಹರು. ಹನ್ನೊಂದು ತಿಂಗಳಿಗೆ ಒಪ್ಪಂದ ಮುರಿದು ಮತ್ತೆ ಬರೆಸಿಕೊಳ್ಳಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಹೆಸರಿಗೆ ಮಾತ್ರ ಮುರಿದ ಸೇವೆಯನ್ನು ನಿರಂತರ ಸೇವೆ ಎಂದೇ ನೋಡುವುದು ನ್ಯಾಯಾಲಯಗಳಿಗೆ ಹೊಸದಲ್ಲ.

ಐದನೆಯದು, ಕಾಗದಪತ್ರ. ನೇಮಕಾತಿ ಪತ್ರ ಈಗ ಕಡ್ಡಾಯ. ಮೊದಲಿನಿಂದ ಇದ್ದು ಪತ್ರ ಸಿಗದವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂಬ ನಿಯಮವಿದೆ. ಇನ್ನೂ ಕೊಟ್ಟಿಲ್ಲವಾದರೆ ಇವತ್ತೇ ಬರೆಯಿರಿ. ಕನಿಷ್ಠ ವೇತನದ ತುಟ್ಟಿಭತ್ಯೆ ಕರ್ನಾಟಕದಲ್ಲಿ ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಹೊಸ ಚೀಟಿಯ ಅಂಕಿಗಳನ್ನು ಆ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

ಕೆಲಸ ಬಿಟ್ಟವರ ಬಾಕಿ ವೇತನಕ್ಕೆ ಈಗ ಎರಡೇ ಕೆಲಸದ ದಿನಗಳ ಗಡುವು. ರಾಜೀನಾಮೆ ಕೊಟ್ಟವರಿಗೂ ಇದು ಅನ್ವಯ. 'ಮುಂದಿನ ತಿಂಗಳ ಸಂಬಳದ ಜೊತೆ ನೋಡೋಣ' ಎನ್ನುವಂತಿಲ್ಲ. ಹಾಜರಿ, ರಜೆ, ಮುಂಗಡದ ಲೆಕ್ಕವನ್ನು ರಾಜೀನಾಮೆ ಪತ್ರ ಕೈಗೆ ಬಂದ ದಿನವೇ ಶುರು ಮಾಡಿ. ಲ್ಯಾಪ್‌ಟಾಪ್, ಗುರುತಿನ ಚೀಟಿ, ಉಪಕರಣಗಳನ್ನು ಕೊನೆಯ ದಿನಕ್ಕೆ ಮೊದಲೇ ಮರಳಿ ಪಡೆದು ಸಹಿ ಹಾಕಿಸಿಕೊಳ್ಳಿ.